ಪಿಳ್ಳಮ್ಮನಿಗೆ ನಾನು ತೋರಿಸಿದ ಕೆಂಪು ದೀಪ

ನಾನೊಂದು ಹೆಬ್ಬೆಟ್ಟಿನ ಮಿಷನ್. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ನೆತ್ತಿಯ ಮೇಲೆ ಗಾಜು, ಹಿಂದೆ ಬಾಲದಂಥ ವೈರು. ಗಾಜಿನ ಮೇಲೆ ಬೆರಳಿಟ್ಟರೆ ಅದರ ಗೆರೆ ಓದಿ, ಇವರು ಇವರೇ ಹೌದೋ ಅಲ್ಲವೋ ಹೇಳುವುದು ನನ್ನ ಕಸುಬು. ಹೌದಾದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ನೂರು ಸಲ ಬೆರಳಿಟ್ಟು, ನೂರು ಸಲವೂ ಹಸಿರು ಕಂಡು ನನ್ನನ್ನು ಪಾಸು ಮಾಡಿದಳು. ಮೆತ್ತನೆಯ ಬೆರಳು ಅವಳದು. ಲೋಕದ ಬೆರಳೆಲ್ಲ ಹಾಗೇ ಇರುತ್ತವೆ ಎಂದುಕೊಂಡೆ. ನನ್ನ ಸೊಕ್ಕು ಶುರುವಾದದ್ದು ಅಲ್ಲಿಂದಲೇ.

ಡಬ್ಬದಲ್ಲಿ ಕೂತು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಗೆ ಬಂದೆ. ಅಂಚೆ ಕಚೇರಿ ಎಂದರೆ ಅಲ್ಲಿ ಅಂಬುಜಾಕ್ಷಿಯ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ಬೆಂಚು, ಗೋಡೆಗೆ ಕೆಂಪು ಡಬ್ಬ. ಊರಿನವರು ಅವಳನ್ನು ಪೋಸ್ಟಮ್ಮ ಎನ್ನುತ್ತಿದ್ದರು. ನಾನು ಬರುವ ಮೊದಲು ಓದು ಬಾರದವರ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಫಾರಂ ಮೇಲೆ ಒತ್ತಿಸಿ, ಬೀದಿಯಲ್ಲಿ ಹೋಗುವ ಯಾರನ್ನಾದರೂ ಕೂಗಿ ಕರೆದು ಸಾಕ್ಷಿ ಹಾಕಿಸಿಕೊಂಡು ಹಣ ಕೊಡುತ್ತಿದ್ದಳು. ನಾನು ಬಂದ ದಿನ ಆ ಫಾರಂಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ಹೊಸದು ಬಂದರೆ ಹಳೆಯದು ರದ್ದು ಎಂದು ಅವಳ ಎಣಿಕೆ. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಕೋಣೆಗೆ ಪ್ರತಿ ಶನಿವಾರ ವಾರದ ಕೂಲಿಯ ಬಟವಾಡೆ ಮುಗಿಸಿಕೊಂಡು ಬರುತ್ತಿದ್ದವಳು ಪಿಳ್ಳಮ್ಮ. ರೇಷ್ಮೆ ನೂಲು ಬಿಚ್ಚುವ ಕೆಲಸ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಅದರೊಳಗೆ ಬೆರಳದ್ದಿ ಎಳೆ ಹುಡುಕಬೇಕು. ಮೂವತ್ತು ವರ್ಷ ಅವಳು ಹುಡುಕಿದ್ದು ಬೇರೆಯವರ ಬಾಣಲೆಯಲ್ಲಿ. ಪಟ್ಟಣದ ಬ್ಯಾಂಕೊಂದಕ್ಕೆ ಹಿಂದೆ ಮೂರು ಸಲ ಹೋಗಿದ್ದಳಂತೆ. ಸಹಿ ಬರಲ್ವಾ, ಪರಿಚಯದವರನ್ನು ಕರ್ಕೊಂಡು ಬಾ, ನಾಳೆ ಬಾ. ಒಂದೊಂದು ನಾಳೆಗೂ ಒಂದೊಂದು ದಿನದ ಕೂಲಿ ಹೋಯಿತು. ಕಡೆಗೆ ಅಂಬುಜಾಕ್ಷಿಯೇ ನೂಲಿನ ಶೆಡ್ಡಿಗೆ ಹೋಗಿ, ಹಬೆಯ ನಡುವೆ ನಿಂತು, ಮಸಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳಿಗೆ ಖಾತೆ ತೆರೆದುಕೊಟ್ಟಳು. ಪಿಳ್ಳಮ್ಮನಿಗೆ ಇದ್ದದ್ದು ಒಂದೇ ಆಸೆ, ಗೂಡಿನ ನೂಲು ಸುತ್ತಲು ಸ್ವಂತದ್ದೊಂದು ಚರಕ.

ಹಣ ಕಟ್ಟುವುದಕ್ಕೆ ನನ್ನ ಹಂಗು ಬೇಕಿರಲಿಲ್ಲ. ತೆಗೆಯುವ ದಿನ ಬಂದಾಗಲೇ ಅವಳು ನನ್ನೆದುರು ನಿಂತದ್ದು. ಅದೊಂದು ಗುರುವಾರ. ಊರಿನ ಮಹಬೂಬ್ ಸಾಬರು ತಮ್ಮ ಚರಕ ಮಾರುತ್ತಿದ್ದರು.

"ಮುಂದಿನ ಶುಕ್ರವಾರದ ತಂಕ ಕಾಯ್ತೀನಿ ಅಂದವ್ರೆ ಪೋಸ್ಟಮ್ಮ. ದುಡ್ಡು ತೆಕ್ಕೊಡು" ಎಂದು ಪಿಳ್ಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬೆರಳಿಟ್ಟಳು.

ನಾನು ನೋಡಿದೆ. ಗೆರೆಯೇ ಇಲ್ಲ! ಬೆಂದು ಬೆಂದು ಬೆಳ್ಳಗೆ ನುಣುಪಾದ ಬೆರಳು. ಕೆಂಪು ತೋರಿಸಿದೆ. ಇನ್ನೊಂದು ಬೆರಳು, ಕೆಂಪು. ಹತ್ತೂ ಬೆರಳಿಟ್ಟಳು, ಹತ್ತಕ್ಕೂ ಕೆಂಪು. ಅಂಬುಜಾಕ್ಷಿ ನನ್ನ ಗಾಜು ಒರೆಸಿದಳು, ಅವಳ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿದಳು. ನಾನು ಜಗ್ಗಲಿಲ್ಲ.

"ನಾನೇ ಅಲ್ವೇನಮ್ಮ ನಾನು?" ಎಂದಳು ಪಿಳ್ಳಮ್ಮ.

"ನೀವೇ ಪಿಳ್ಳಕ್ಕ. ನಂಗೊತ್ತು. ಈ ಮಿಷನ್ನಿಗೆ ಗೊತ್ತಾಗ್ಬೇಕಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ. ಬಿಸಿನೀರು ಮುಟ್ಟದೆ ಎಂಟು ದಿನ ಇದ್ದರೆ ಗೆರೆ ಮೂಡುತ್ತದೆ ಎಂದು ಅಂಬುಜಾಕ್ಷಿಗೆ ಯಾರೋ ಹೇಳಿದ್ದರು. ಅದನ್ನೇ ಹೇಳಿದಳು. ಪಿಳ್ಳಮ್ಮ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಪಾತ್ರೆ ಸಹ ಪಕ್ಕದ ಮನೆಯವರು ತೊಳೆದುಕೊಟ್ಟರಂತೆ. ಭಾನುವಾರ ಒಂದು ಬಿಟ್ಟು ದಿನಾ ಬೆಳಿಗ್ಗೆ ಬಂದು, ಕೈಯನ್ನು ಹಸುಗೂಸಿನಂತೆ ಸೆರಗಿನಿಂದ ಹೊರತೆಗೆದು ನನ್ನ ಮೇಲಿಡುವಳು. ದಿನಾ ಕೆಂಪು. ಶುಕ್ರವಾರ ಬೆಳಿಗ್ಗೆ ಏಳು ಸಲ ಇಟ್ಟಳು. ಏಳನೆಯ ಸಲ ನನಗೆ ಒಂದೆರಡು ಗೆರೆ ಮಸುಕಾಗಿ ಕಂಡವು. ಸಾಲದು ಎಂದು ಮತ್ತೆ ಕೆಂಪು ತೋರಿಸಿದೆ. ಅಯ್ಯೋ, ನನ್ನ ಶಿಸ್ತಿಗೆ ಬೆಂಕಿ ಬೀಳಲಿ.

ಶನಿವಾರ ಮೊದಲ ಸಲಕ್ಕೇ ಹಸಿರು. ಅಂಬುಜಾಕ್ಷಿ ಖುಷಿಯಿಂದ ನೋಟಿನ ಕಟ್ಟು ಮೇಜಿನ ಮೇಲಿಟ್ಟಳು. ಪಿಳ್ಳಮ್ಮ ಅದನ್ನು ಮುಟ್ಟಲಿಲ್ಲ.

"ನೆನ್ನೆ ಸಾಯಂಕಾಲ ಚಿಂತಾಮಣಿ ಕಡೆಯವ್ರು ಬಂದು ಚರಕ ತಗೊಂಡೋದ್ರಂತೆ. ಸಾಬರ್ದೇನು ತಪ್ಪಿಲ್ಲ, ಹೇಳ್ದಷ್ಟು ದಿನ ಕಾದ್ರು. ಮಿಷನ್ ಏನಂತದೆ ನೋಡಾಣ ಅಂತ ಬಂದೆ, ಅಷ್ಟೆ. ದುಡ್ಡು ವಾಪಸ್ ಕಟ್ಕೊಂಬುಡು ಪೋಸ್ಟಮ್ಮ."

ಸೋಮವಾರ ಅವಳು ಮತ್ತೆ ಬೇರೆಯವರ ಬಾಣಲೆಗೆ ಕೈ ಹಾಕಿದಳು.

ತಿಂಗಳ ಮೇಲೆ ತಪಾಸಣೆಗೆ ಬಂದ ಅಧಿಕಾರಿ, ಕಾಫಿ ಕುಡಿಯುತ್ತಾ ಈ ಕಥೆ ಕೇಳಿ ಲೋಟ ಕೆಳಗಿಟ್ಟರು. "ಹಳೇ ಫಾರಂ ಇತ್ತಲ್ಲಮ್ಮ. ಹೆಬ್ಬೆಟ್ಟು ಒತ್ತಿಸಿ ಒಂದು ಸಾಕ್ಷಿ ಹಾಕಿಸಿದ್ರೆ ಅವತ್ತೇ ಕೊಡಬಹುದಿತ್ತು. ಅದೇನು ನಿಂತುಹೋಗಿಲ್ಲ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರು ಹೋದ ಮೇಲೆ ಅಂಬುಜಾಕ್ಷಿ ಅಟ್ಟ ಹತ್ತಿ ಗಂಟು ಇಳಿಸಿದಳು. ಧೂಳು ಕೊಡವುತ್ತಾ ಕೊಡವುತ್ತಾ ಅತ್ತಳು. ಆಮೇಲೆ ನೇರ ಪಿಳ್ಳಮ್ಮನ ಮನೆಗೆ ಹೋಗಿ ತನ್ನ ತಪ್ಪು ಹೇಳಿಕೊಂಡು ಬಂದಳು. ಅಲ್ಲಿಂದ ಮುಂದೆ ನನ್ನ ಕೆಂಪು ಕಂಡು ಆ ಕೋಣೆಯಿಂದ ಒಬ್ಬರೂ ಬರಿಗೈಲಿ ಹೋಗಿಲ್ಲ. ನಾನು ಒಲ್ಲೆ ಎಂದರೆ ಮಸಿ ಡಬ್ಬಿ ತೆರೆಯುತ್ತದೆ, ಬೀದಿಯಲ್ಲಿ ಹೋಗುವವರಿಗೆ ಕೂಗು ಬೀಳುತ್ತದೆ. ಗೂಡು ಬಿಚ್ಚುವವರು, ಇಟ್ಟಿಗೆ ಹೊರುವವರು, ಸುಣ್ಣ ಕಲಸುವವರು ಎಲ್ಲರೂ ಅಲ್ಲಿಗೇ ಬರುತ್ತಾರೆ.

ಆದರೆ ಅಷ್ಟು ಬೆಲೆಗೆ ಇನ್ನೊಂದು ಚರಕ ಆ ಊರಿನಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಬಂದ ಒಂದೆರಡರ ಬೆಲೆ ಪಿಳ್ಳಮ್ಮನ ಕೈಗೆ ಎಟುಕಲಿಲ್ಲ.

ಈಗ ನನ್ನ ಗಾಜಿಗೆ ಗೀರು ಬಿದ್ದಿದೆ, ವೈರು ಸಡಿಲ. ನನ್ನ ಜಾಗಕ್ಕೆ ಹೊಸ ಮಿಷನ್ ಬಂದಿದೆ. ನಾನು ಗೋಡೆಯ ಗೂಡಿನಲ್ಲಿ, ಒಣಗಿದ ಗೋಂದಿನ ಬಾಟಲಿಯ ಪಕ್ಕ ಕೂತಿದ್ದೇನೆ. ಬೆರಳ ಗೆರೆ ಓದಲು ಕಲಿಸಿದವರು ಅದು ಯಾಕೆ ಅಳಿಯುತ್ತದೆಂದು ನನಗೆ ಕಲಿಸಿರಲಿಲ್ಲ. ಕಲಿಯುವ ಹೊತ್ತಿಗೆ ಒಬ್ಬಳ ಆಸೆ ಕೈತಪ್ಪಿತ್ತು.

ಮೊನ್ನೆ ಪಿಳ್ಳಮ್ಮ ವಿಧವಾ ಪಿಂಚಣಿಗೆ ಬಂದಿದ್ದಳು. ಕಣ್ಣು ಮಂಜಾಗಿ ನೂಲಿನ ಕೆಲಸ ಬಿಟ್ಟು ಎರಡು ವರ್ಷವಾಯಿತಂತೆ. ಹೊಸ ಮಿಷನ್ನಿನ ಮೇಲೆ ಬೆರಳಿಟ್ಟಳು. ತಟ್ಟನೆ ಹಸಿರು.

"ನೋಡಿ ಪಿಳ್ಳಕ್ಕ, ಒಂದೇ ಸಲಕ್ಕೆ ಬಂತು" ಎಂದಳು ಅಂಬುಜಾಕ್ಷಿ.

ಪಿಳ್ಳಮ್ಮ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿಕೊಂಡಳು.

"ಬರ್ದೇ ಏನು ಪೋಸ್ಟಮ್ಮ. ಈಗ ಈ ಕೈಗೆ ಕೆಲಸ ಎಲ್ಲೈತೆ?"