ಗೋದಲೆಯ ಎಡಗಡೆ

ದುಬಲಗುಂಡಿಯ ಕೇಶರಬಾಯಿ ದಿನಾ ಸಂಜೆ ಎತ್ತಿಗೆ ಮೇವು ಹಾಕಲು ಎರಡು ಕಂತೆ ಜೋಳದ ಕಣಿಕೆ ಎತ್ತಿಕೊಳ್ಳುವಳು. ಗೋದಲೆಯ ಮುಂದೆ ಬಂದು ನಿಂತ ಮೇಲೆ ನೆನಪಾಗುವುದು, ಈಗ ಇರುವುದು ಒಂದೇ ಎತ್ತು. ಇನ್ನೊಂದು ಕಂತೆ ಮತ್ತೆ ಬಣವೆಗೆ ಹೋಗುವುದು.

ಢವಳ್ಯಾ ಸತ್ತು ವರ್ಷ ತುಂಬುತ್ತ ಬಂದಿತ್ತು. ಅದರ ಜೋಡಿ ಪವಳ್ಯಾ ಇಂದಿಗೂ ಗೋದಲೆಯ ಬಲಗಡೆಯೇ ನಿಂತು ಮೇಯುತ್ತದೆ, ಎಡಗಡೆ ಬಾಯಿ ಹಾಕುವುದಿಲ್ಲ. ಮೂಕಪ್ರಾಣಿಗೆ ಏನು ತಿಳಿಯುತ್ತದೆ ಎನ್ನುವವರು ಒಮ್ಮೆ ಬಂದು ಆ ಖಾಲಿ ಜಾಗ ನೋಡಬೇಕು. ಢವಳ್ಯಾ ಕೇಶರಬಾಯಿಯೇ ಬೆರಳು ಚೀಪಿಸಿ ಬೆಳೆಸಿದ ಕರು.

ಮರುದಿನ ಪೋಳಾ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಣಿ ಓಣಿ ಮೆರೆಸುವ ಹಬ್ಬ. ಅಂದು ನೊಗವಿಲ್ಲ, ಬಾರುಕೋಲಿಲ್ಲ. ಪ್ರತಿ ಮನೆಯ ಮುಂದೆ ಆರತಿ, ಪ್ರತಿ ಮನೆಯಿಂದಲೂ ಹೋಳಿಗೆ. ಕೇಶರಬಾಯಿ ಮೊರದ ತುಂಬ ಕಡಲೆಬೇಳೆ ಹಸನು ಮಾಡುತ್ತ ಕುಳಿತಿದ್ದಾಗ ಪಕ್ಕದ ಮನೆಯ ಮನೀಷಾ ಬಂದಳು. ಇವಳು ಹುಮನಾಬಾದಿನಲ್ಲಿ ದನದ ಡಾಕ್ಟರರಿಂದ ತರಬೇತಿ ಪಡೆದು ಬಂದ ಪಶುಸಖಿ.

“ಏನ್ ವೈನಿ, ಊರಿಗೆಲ್ಲಾ ಊಟಕ್ಕ ಹೇಳೀರೇನ್ರಿ?”

“ಊರಿಗಿ ಯಾಕ? ನನ್ನ ಪವಳ್ಯಾಗ. ಒಬ್ಬಂಟಿ ಆಗ್ಯಾನ ಪಾಪ. ಈ ಸಲ ಢವಳ್ಯಾನ ಪಾಲೂ ಅವಂಗೇ ಉಣಸ್ತೀನಿ.”

ಮನೀಷಾಳ ನಗು ಅಲ್ಲೇ ನಿಂತಿತು. “ಸಿಟ್ಟಾಗಬ್ಯಾಡ್ರಿ. ಹೋದ ಪೋಳಾದಾಗ ಢವಳ್ಯಾ ಎಷ್ಟ್ ಹೋಳಿಗಿ ತಿಂದಿತ್ತು?”

“ಯಾರ್ ಎಣಿಸ್ಯಾರ? ಮನಿಗಿ ಎರಡೆರಡು, ಓಣ್ಯಾಗ ಮೂವತ್ತ್ ಮನಿ. ಮ್ಯಾಲ ನಂದೊಂದು ಬುಟ್ಟಿ. ಪವಳ್ಯಾ ನಾಚಬುರಕ, ಮಾರಿ ತಿರುವ್ತಿತ್ತು. ಢವಳ್ಯಾ ಎಲ್ಲಾರ ಕೈಯಾಗಿಂದೂ ತಿಂತು.”

“ಮರುದಿನ?”

“ಮಲಗಿದವ ಏಳಲಿಲ್ಲ. ಎಡ ಹೊಟ್ಟಿ ಉಬ್ಬಿತ್ತು, ಹಲ್ಲು ಕಡೀತಿತ್ತು, ಮೆಲುಕೇ ಹಾಕಲಿಲ್ಲ. ಊರ ಮಂದಿ ಕಣ್ಣೆಲ್ಲಾ ಅವನ ಮ್ಯಾಲ. ನಜರ್ ಆಗಿತ್ತು. ಮೆಣಸಿನಕಾಯಿ ನಿವಾಳಿಸಿದೆ, ನಿಂಬಿಹಣ್ಣು ಕಟ್ಟಿದೆ, ಎಣ್ಣಿ ಕುಡಿಸಿದೆ…”

“ನಜರ್ ಅಲ್ರಿ ವೈನಿ,” ಎಂದು ಮನೀಷಾ ಅವಳ ಕೈಯಿಂದ ಮೊರ ತೆಗೆದು ಪಕ್ಕಕ್ಕಿಟ್ಟಳು. “ಡಾಕ್ಟರ್ ನಮಗ ಕಲಿಸ್ಯಾರ. ಎತ್ತಿನ ಹೊಟ್ಟ್ಯಾಗ ಕಣ್ಣಿಗಿ ಕಾಣದ ಸಣ್ಣ ಜೀವ ಇರ್ತಾವ. ಕಣಿಕಿ, ಹುಲ್ಲು ಕರಗಸೋವು ಅವೇ. ಒಮ್ಮೆಲೇ ಬೆಲ್ಲ, ಗೋಧಿ, ಅನ್ನ ಬಿತ್ತಂದ್ರ ಹೊಟ್ಟಿ ಹುಳಿ ಆಗಿ ಮೆಲುಕು ನಿಂದರ್ತದ. ಆ ಹುಳಿ ಮೈಗೆಲ್ಲಾ ಏರಿದ್ರ ಜೀವಾನೇ ಹೋಗ್ತದ.”

“ಅಂದ್ರ ನನ್ನ ಕೈಯಿಂದನೇ ಸತ್ತ ಅಂತೀಯೇನು?” ಕೇಶರಬಾಯಿಯ ದನಿ ಏರಿತು. “ನಮ್ಮ ಅತ್ತಿನೂ ಉಣಿಸ್ಯಾಳ, ಆಕಿ ಅತ್ತಿನೂ ಉಣಿಸ್ಯಾಳ!”

“ಆಗ ಮನಿಗೊಂದು ತುತ್ತು ಇತ್ರಿ. ಹೋಳಿಗಿ ಮನಿ ಮಂದಿಗೇ ಸಾಲ್ತಿರಲಿಲ್ಲ. ಈಗ ನಾ ಮುಂದ ನೀ ಮುಂದ ಅಂತ ಉಣಸಾಕತ್ತೀವಿ.”

ಕೇಶರಬಾಯಿ ಕೊಟ್ಟಿಗೆಯ ಕಡೆ ನೋಡಿದಳು. ಸಾಯುವ ಮುನ್ನ ಎರಡು ದಿನ ಢವಳ್ಯಾ ಅವಳ ಮುಖವನ್ನೇ ನೋಡುತ್ತ ಮಲಗಿತ್ತು. ಆ ಎರಡು ದಿನ ಅವಳು ಮೆಣಸಿನಕಾಯಿ ಸುಟ್ಟಿದ್ದಳು. ಆ ಎರಡು ದಿನ ಮರಳಿ ಸಿಕ್ಕಿದ್ದರೆ ಎಂದು ಅವಳ ಜೀವ ಬಡಿದುಕೊಂಡಿತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಂಡ ಏಕನಾಥ ಮೆಲ್ಲಗೆ ಹೇಳಿದ: “ಹಬ್ಬದ ಮರುದಿನ ಯಾವ ಡಾಕ್ಟರ್ ಬರ್ತಾನ ಅಂತ ನಾನೇ ಸುಮ್ಮನಾದೆ.”

“೧೯೬೨ಕ್ಕ ಫೋನ್ ಹಚ್ಚಿದ್ರ ಡಾಕ್ಟರ್ ಗಾಡಿ ಊರಿಗೇ ಬರ್ತದಣ್ಣಾ,” ಎಂದಳು ಮನೀಷಾ. “ಗೊತ್ತಿಲ್ಲದ್ದಕ್ಕ ಆಯ್ತು. ಇನ್ನ ಮ್ಯಾಲ ಗೊತ್ತದಲ್ಲ. ಇನ್ನೊಂದು, ಮಲಗಿದ ಎತ್ತಿಗಿ ಎಣ್ಣಿ ಸುರುವಬ್ಯಾಡ್ರಿ. ಪುಪ್ಪುಸಕ್ಕ ಹೋಗಿ ಉಸಿರು ಕಟ್ತದ.”

ಮರುದಿನ ಪವಳ್ಯಾನ ಹಗ್ಗ ಹಿಡಿದು ಕೇಶರಬಾಯಿಯೇ ಹೊರಟಳು. ಎತ್ತಿನ ಮುಂದೆ ಹೆಂಗಸು ನಡೆದದ್ದು ಕಂಡು ಓಣಿ ಮುಸಿಮುಸಿ ನಕ್ಕಿತು. ಪ್ರತಿ ಮನೆಯ ಮುಂದೂ ಅವಳದು ಒಂದೇ ಮಾತು: “ಆರತಿ ಮಾಡ್ರಿ, ಕುಂಕುಮ ಹಚ್ರಿ. ಹೋಳಿಗಿ ಬ್ಯಾಡ, ಒಂದ್ ಹಿಡಿ ಹುಲ್ಲು ಕೊಡ್ರಿ.”

ಕೊನೆಯ ಮನೆಯ ಶೇವಂತಾಬಾಯಿ ಮುಖ ಗಂಟಿಕ್ಕಿದಳು. “ಹಬ್ಬದ ದಿನ ಬಸವಣ್ಣಗ ಬರೇ ಹುಲ್ಲೇನವಾ? ನಾನೇನ್ ಅಷ್ಟು ಗತಿಗೆಟ್ಟೀನೇನು?”

“ಹೋದ ಸಲ ನಿನ್ನ ಹೋಳಿಗಿ, ನನ್ನ ಹೋಳಿಗಿ ಕೂಡೇ ನನ್ನ ಢವಳ್ಯಾನ ಒಯ್ದಾವ ಅಕ್ಕಾ,” ಎಂದಳು ಕೇಶರಬಾಯಿ. ಪವಳ್ಯಾನ ಕೊರಳ ಮೇಲೆ ಕೈಯಿಟ್ಟಳು. “ಇವನಾದ್ರೂ ಉಳೀಲಿ.”

ಶೇವಂತಾಬಾಯಿ ಹೋಳಿಗೆಯ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋಗಿ ಹಸಿ ಹುಲ್ಲು ಕೊಯ್ದು ತಂದಳು. ಮನೆಗೆ ಬಂದ ಮೇಲೆ ಕೇಶರಬಾಯಿ ಒಂದೇ ಒಂದು ತುತ್ತು ಹೋಳಿಗೆಯನ್ನು ಪವಳ್ಯಾನ ಬಾಯಿಗಿಟ್ಟಳು. ಹಬ್ಬಕ್ಕೆ ಅಷ್ಟು ಸಾಕು.

ಮರುದಿನ ಬೆಳಗಾಗುತ್ತಲೇ ಕೊಟ್ಟಿಗೆಗೆ ಹೋದಳು. ಒಳಗೆ ಕಾಲಿಡಲು ಹೆದರಿ ಹೊರಗೇ ನಿಂತು ಆಲಿಸಿದಳು. ಒಳಗಿನಿಂದ ಮೆಲುಕಿನ ಸದ್ದು ಬರುತ್ತಿತ್ತು. ಒಳಗೆ ಹೋಗಿ ನೋಡಿದರೆ ಪವಳ್ಯಾ ಅರೆಗಣ್ಣು ಮುಚ್ಚಿ ಆರಾಮಾಗಿ ಮಲಗಿತ್ತು. ಕೇಶರಬಾಯಿ ಗೋದಲೆಯ ಎಡಗಡೆ, ಢವಳ್ಯಾ ಇದ್ದ ಜಾಗದಲ್ಲಿ ಕುಳಿತಳು. ಕೇಳಿದ್ದು ಒಂದೇ ಎತ್ತಿನ ಮೆಲುಕು. ಎರಡು ಕೇಳಬೇಕಿತ್ತು.

ಅಕ್ಕಂದಿರೇ, ಅಣ್ಣಂದಿರೇ, ದನಕ್ಕೆ ಪ್ರೀತಿಯಿಂದ ಉಣಿಸುವವರು ನೀವು. ಆ ಪ್ರೀತಿಯೇ ಅದಕ್ಕೆ ಮುಳುವಾಗದಿರಲಿ. ಹಬ್ಬದ ಹೋಳಿಗೆ, ಮದುವೆಯಲ್ಲಿ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ಹಾಕಬೇಡಿ. ಮೆಲುಕು ನಿಂತರೆ ನಿವಾಳಿಸುತ್ತ ಕೂಡಬೇಡಿ, ಕೂಡಲೇ ೧೯೬೨ಕ್ಕೆ ಕರೆ ಮಾಡಿ. ಪಶುವೈದ್ಯರು ಹೇಳಿಕೊಡಲು ಊರಿಗೆ ಬಂದ ದಿನ ಮನೆಗೊಬ್ಬರಾದರೂ ಹೋಗಿ ಕುಳಿತು ಕೇಳಿ. ಇಂದು ಸಂಜೆ ನಿಮ್ಮ ಕೊಟ್ಟಿಗೆಯಲ್ಲಿ ಒಂದು ಗಳಿಗೆ ನಿಂತು ಆಲಿಸಿ. ಎಷ್ಟು ಮೆಲುಕು ಕೇಳುತ್ತದೆಯೋ, ಮುಂದಿನ ಪೋಳಾದ ಮರುದಿನವೂ ಅಷ್ಟೇ ಕೇಳಲಿ.