ಸರೋವರದ ಮೇಲಿನ ಕಂಬಳಿ

ಗಂಟೆಯೇನೋ ಬಂದಿತ್ತು, ಆದರೆ ಸರೋವರದ ಆಚೆ ದಡಕ್ಕೆ. ಫಿನ್ಲೆಂಡಿನ ಕೋಯಿವುಸಾರಿ ದ್ವೀಪದವರು ಹತ್ತು ವರ್ಷ ಬೆಣ್ಣೆ, ಒಣಮೀನು ಮಾರಿ ತಮ್ಮ ಪುಟ್ಟ ಚರ್ಚಿಗೆಂದು ಎರಕ ಹೊಯ್ಯಿಸಿದ ಗಂಟೆ ಅದು. ಎಂಟು ಗಂಡಸರು ಸೇರಿದರೂ ಮಿಸುಕದಷ್ಟು ಭಾರ. ಫೆಬ್ರವರಿ ಮೊದಲಲ್ಲಿ ಬರುವ ಮೇಣದಬತ್ತಿ ಹಬ್ಬದೊಳಗೆ ಒಯ್ಯದಿದ್ದರೆ ಬೇರೆ ಊರಿಗೆ ಕೊಟ್ಟುಬಿಡುತ್ತೇನೆಂದು ಆಚೆ ದಡದ ಪಾದ್ರಿಗಳು ಹೇಳಿ ಕಳಿಸಿದ್ದರು. ಹಬ್ಬಕ್ಕೆ ಉಳಿದಿದ್ದು ಮೂರೇ ವಾರ. ಇವರ ದೋಣಿಗಳು ಆ ಭಾರ ತಡೆಯವು. ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಮಾತ್ರ ಜಾರುಬಂಡಿಯಲ್ಲಿ ಎಳೆದು ತರಬಹುದು.

ಪ್ರತಿ ಚಳಿಗಾಲದಲ್ಲೂ ಮಂಜುಗಡ್ಡೆಯ ದಪ್ಪ ನೋಡಿ, ದಾರಿಯ ಇಕ್ಕೆಲಕ್ಕೂ ಸ್ಪ್ರೂಸ್ ಮರದ ಸಸಿ ನೆಟ್ಟು ಗುರುತು ಮಾಡುತ್ತಿದ್ದವನು ಲೊವೀಸಾಳ ಗಂಡ ಆಪೆಲಿ. ಎರಡು ವರ್ಷದ ಹಿಂದೆ ಅದೇ ದಾರಿಯ ನಟ್ಟನಡುವೆ ಗಡ್ಡೆ ಒಡೆದು ಅವನು ಹೋದ. ಅಂದಿನಿಂದ ಲೊವೀಸಾಳ ಮುಂದೆ ಯಾರೂ ಸರೋವರದ ಮಾತೆತ್ತುತ್ತಿರಲಿಲ್ಲ. ದಿನಕ್ಕೊಬ್ಬರು ಬಿಸಿ ಗಂಜಿ ತಂದಿಟ್ಟು ಸವಿಮಾತಾಡಿ ಹೋಗುವರು. ಅವಳೂ ಅದರೊಳಗೇ ಹುದುಗಿ ಕೂತುಬಿಟ್ಟಿದ್ದಳು.

ಆ ವಾರ ಮೊಣಕಾಲುದ್ದ ಹಿಮ ಬಿತ್ತು. ಭಾನುವಾರ ಸಭೆಯ ಹಿರಿಯ ತಾವೆತ್ತಿ ಕಣ್ತುಂಬಿಕೊಂಡು, ಇದು ದೇವರ ಕೃಪೆಯ ಕಂಬಳಿ, ಇದರ ಮೇಲೆ ಯಾರೂ ಸಲಿಕೆ ಇಡಬೇಡಿ, ದಾರಿಯನ್ನು ಅವನೇ ಮಾಡುತ್ತಾನೆ ಎಂದು ಬೋಧಿಸಿದ. ಪಾಪ, ಅವನು ಒಳ್ಳೆಯ ರೈತ. ರೈ ಧಾನ್ಯದ ಪೈರನ್ನು ಹಿಮವೇ ಹೊದಿಸಿ ಕಾಯುವುದನ್ನು ಜೀವಮಾನವೆಲ್ಲ ಕಂಡವನು. ಮೀನುಗಾರನಲ್ಲವಲ್ಲ! ಎಲ್ಲರೂ ಆಮೆನ್ ಎಂದರು. ಹಿಂದಿನ ಬೆಂಚಿನಿಂದ ಲೊವೀಸಾ ಎದ್ದುನಿಂತಳು.

"ತಾವೆತ್ತಿ ಅಣ್ಣ, ನಿಮ್ಮ ರೈ ಬೆಚ್ಚಗಿರ್ಬೇಕು, ಸರಿ. ಹಿಮ ಹೊದ್ದು ಮಂಜುಗಡ್ಡೆನೂ ಬೆಚ್ಚಗಿದ್ರೆ ಗಟ್ಟಿಯಾಗಲ್ಲ. ಆಪೆಲಿ ಹೋಗಿದ್ದೂ ಇಂಥ ಹಿಮದ ಕೆಳಗೇನೆ."

ತಾವೆತ್ತಿ ಮೆಲ್ಲಗೆ, "ನಿನಗ್ಯಾಕಮ್ಮ ಆ ನೋವು. ಕೂತ್ಕೋ ತಂಗಿ" ಎಂದ.

"ಎರಡು ವರ್ಷ ಕೂತಿದ್ದೀನಿ. ನನ್ನನ್ನೂ ಹಿಂಗೇ ಹೊದಿಸಿ ಇಟ್ರಿ ನೀವೆಲ್ಲ. ಬೆಚ್ಚಗೇನೋ ಇದ್ದೆ, ಕಾಲಿಟ್ರೆ ಕುಸಿಯೋ ಹಾಗಿದ್ದೆ. ಹಿಮ ಕೊಟ್ಟವನೇ ತಾನೆ ಚಳಿನೂ ಕೊಡೋನು? ನಾನು ಚಳಿ ಕೇಳ್ತೀನಿ."

ಅಲ್ಲೇ ಮಂಡಿಯೂರಿ, ಕಡುಚಳಿ ಕಳಿಸಪ್ಪಾ ತಂದೆ ಎಂದು ಬೇಡಿಕೊಂಡಳು. ಅಂಥ ಪ್ರಾರ್ಥನೆಯನ್ನು ಆ ಊರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಆಪೆಲಿಯ ಹಾರೆ, ಸಲಿಕೆ ಹಿಡಿದು ಅವಳೊಬ್ಬಳೇ ಸರೋವರಕ್ಕಿಳಿದಳು. ಹಾರೆಯಿಂದ ಕುಟ್ಟಿ ನೋಡಿದರೆ ಗಡ್ಡೆ ಅರ್ಧ ಗೇಣೂ ಇಲ್ಲ. ಆದರೂ ಗಡ್ಡೆಗೆ ಚಳಿ ತಾಕಲೆಂದು ಹಿಮ ಸರಿಸುತ್ತ ಹೋದಳು. ಮೂರನೆಯ ದಿನ ಉತ್ತರದ ಗಾಳಿ ಬೀಸಿ ಉಸಿರು ಮೀಸೆಯಲ್ಲೇ ಹೆಪ್ಪುಗಟ್ಟುವ ಚಳಿ ಬಂತು. ಹೆಂಗಸರು ಸಲಿಕೆ ಹಿಡಿದು ಬಂದರು. ಕಡೆಗೆ ತಾವೆತ್ತಿಯೂ ಸಸಿಗಳ ಹೊರೆ ಹೊತ್ತು ಬಂದು, ಚಳಿ ಕೇಳಿದ್ದು ಸಾಕಮ್ಮ, ನನ್ನ ಮೂಗು ಉದುರುತ್ತಿದೆ ಎಂದು ಗೊಣಗಿದ. ಎರಡು ವರ್ಷದಲ್ಲಿ ಮೊದಲ ಸಲ ಲೊವೀಸಾ ನಕ್ಕಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಕುದುರೆ ಎಳೆಯುವ ಜಾರುಬಂಡಿಯ ತೊಲೆಗೆ ತೂಗುಹಾಕಿದ ಗಂಟೆ ಆಚೆ ದಡದಿಂದ ಹೊರಟಿತು. ಕುದುರೆಯ ಮುಂದೆ ಲೊವೀಸಾ, ಹೆಜ್ಜೆ ಹೆಜ್ಜೆಗೂ ಹಾರೆಯಿಂದ ಕುಟ್ಟುತ್ತ. ನಟ್ಟನಡುವಿನ ಆ ಜಾಗಕ್ಕೆ ಬಂದಾಗ ನಿಂತಳು. ಎಲ್ಲರೂ ನಿಂತರು. ಒಮ್ಮೆ ಕುಟ್ಟಿದಳು, ಮತ್ತೊಮ್ಮೆ, ಮಗದೊಮ್ಮೆ ಮೈಬಲವೆಲ್ಲ ಹಾಕಿ. ಬಿಳಿ ಚೂರು ಹಾರಿತು, ನೀರು ಬರಲಿಲ್ಲ.

"ಬನ್ನಿ, ತಡೆಯುತ್ತೆ" ಎಂದಳು.

ಕುದುರೆ ಬಂತು, ಗಂಟೆ ಬಂತು, ಅಷ್ಟೂ ಭಾರ ಆಪೆಲಿ ಮುಳುಗಿದ ಜಾಗದ ಮೇಲೆಯೇ ಬಂದು ನಿಂತಿತು. ಪಾದ್ರಿಗಳು ಹರಸುವ ಮೊದಲು ಗಂಟೆ ಬಾರಿಸುವಂತಿಲ್ಲ. ಆ ನಿಯಮವನ್ನು ಊರಿಗೆಲ್ಲ ಹೇಳಿದ್ದ ತಾವೆತ್ತಿಯೇ ಈಗ ಟೋಪಿ ತೆಗೆದು, "ಬಾರಿಸು ತಂಗಿ. ಇಲ್ಲೇ ಬಾರಿಸು" ಎಂದ.

ಲೊವೀಸಾ ಹಾರೆಯ ಮರದ ಹಿಡಿಯಿಂದ ಬಾರಿಸಿದಳು. ನಾದ ಎರಡೂ ದಡಕ್ಕೆ ಹೋಗಿ ಮುಟ್ಟಿತು. ಅವಳು ಅಳುತ್ತ, ನಗುತ್ತ, ನಿಂತ ಜಾಗದಿಂದ ಕದಲದೆ ಇನ್ನೊಮ್ಮೆ ಬಾರಿಸಿದಳು.