ಮನೆಗೆ ಬರುತ್ತಿದ್ದ ಚರಬಿಯ ಡಬ್ಬಿ

ಕಿತ್ತೂರಿನ ಹೈವೇ ಪಕ್ಕ ಬುರಾನಸಾಬರದು ಖೀಮಾ ಹೋಟೆಲು. ಕುರಿಯ ಚರಬಿಯಲ್ಲೇ, ಅಂದರೆ ಕೊಬ್ಬಿನಲ್ಲೇ, ಕರಿಯುತ್ತಿದ್ದರು. ಪ್ರಾಮಾಣಿಕ ಮನುಷ್ಯ. ಕಾದು ಕಪ್ಪಾದ ಚರಬಿಯನ್ನು ಗಿರಾಕಿಗೆ ಹಾಕುವುದು ಹರಾಮು ಎನ್ನುತ್ತಿದ್ದರು. ಚೆಲ್ಲಲಿಕ್ಕೆ ಮಾತ್ರ ಮನಸ್ಸಿಲ್ಲ. ಅದನ್ನು ಡಬ್ಬಿಗೆ ಸುರಿದು ಮನೆಗೆ ತರುತ್ತಿದ್ದರು. ಹೆಂಡತಿ ಅಜೀಜಾಬಿ ಅದನ್ನೇ ಮತ್ತೆ ಕಾಯಿಸಿ ಅಡುಗೆಗೆ ಹಾಕಿ ಮಕ್ಕಳಿಗೆ ಬಡಿಸುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ನಡೆಯಿತು.

2003ರಲ್ಲಿ ಹಿರಿಮಗ ವಾಸೀಮ್, ಟ್ರಕ್ ಡ್ರೈವರ್, ಸ್ಟೇರಿಂಗ್ ಹಿಡಿದಲ್ಲೇ ಸತ್ತ. ವಯಸ್ಸು ಮೂವತ್ತಾರು. ಅಲ್ಲಾಹ ಕರೆಸಿಕೊಂಡ ಎಂದು ಎಲ್ಲರೂ ಸುಮ್ಮನಾದರು. ಮರುವರ್ಷ ಕಿರಿಮಗ ಉಮೇರನಿಗೆ ಒಂದಿಷ್ಟು ನಡೆದರೂ ಎದೆ ಹಿಂಡತೊಡಗಿತು. ಗ್ಯಾಸು ಅಂತ ಅಪ್ಪ ಸೋಡಾ ಕುಡಿಸಿದರು. ಆರು ತಿಂಗಳು ಬರೀ ಸೋಡಾ.

ಕೊನೆಗೆ ಉಮೇರನ ಎದೆನೋವಿನ ಸುದ್ದಿ ಕೇಳಿ ಊರ ದವಾಖಾನೆಯ ನರ್ಸಬಾಯಿ ಸಾವಂತ್ರೆವ್ವ ಮನೆಗೆ ಬಂದಳು. ಒಲೆಯ ಪಕ್ಕದ ಡಬ್ಬಿ ತೆಗೆದು ಮೂಸಿದಳು, ಮುಖ ಗಂಟಿಕ್ಕಿದಳು. ಇದನ್ನು ತಿನ್ನಬೇಡಿರಿ ಎಂದಳು.

"ನಮ್ಮಜ್ಜ ಚರಬಿ ತಿಂದಽ ತೊಂಬತ್ತು ವರ್ಷ ಬದುಕ್ಯಾನ್ರಿ ಬಾಯಾರ," ಅಂದರು ಬುರಾನಸಾಬ.

"ನಿಮ್ಮಜ್ಜ ಹಬ್ಬಕ್ಕೊಮ್ಮೆ ತಿಂತಿದ್ದ, ಅದೂ ತಾಜಾ. ನಿಮ್ಮಂಗ ದಿನಾ ಕರೇ ಚರಬಿ ತಿಂತಿದ್ದನೇನ್ರಿ?"

ಆಮೇಲೆ ಕೂತು ತಿಳಿಸಿ ಹೇಳಿದಳು. ಕೊಲೆಸ್ಟ್ರಾಲ್ ವಿಷವಲ್ಲ. ನಮ್ಮ ಲಿವರ್ ತಾನೇ ಅದನ್ನು ತಯಾರಿಸುತ್ತದೆ. ಅದರಲ್ಲಿ ಸ್ವಲ್ಪವನ್ನು ಆಮ್ಲಜನಕದ ಜೊತೆ ಕೂಡಿಸಿ, ಊಟ ಕರಗಿಸುವ ಪಿತ್ತರಸಕ್ಕೆ ಬಳಸುತ್ತದೆ. ಅದು ದೇಹದ ಹಿಡಿತದಲ್ಲಿ ನಡೆಯುವ ಕೆಲಸ. ಆದರೆ ಚರಬಿ, ತುಪ್ಪವನ್ನು ತೆರೆದ ಕಡಾಯಿಯಲ್ಲಿ ಮತ್ತೆ ಮತ್ತೆ ಕಾಯಿಸಿದರೆ ಒಳಗಿನ ಕೊಲೆಸ್ಟ್ರಾಲ್ ಗಾಳಿ ಹಿಡಿದು ಕೆಡುತ್ತದೆ. ಕೆಟ್ಟದ್ದು ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ದೇಹದ ಕಾವಲು ಕಣಗಳು ಅದನ್ನು ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ಆ ರಾಶಿ ಬೆಳೆದು ರಕ್ತದ ದಾರಿ ಕಟ್ಟುತ್ತದೆ.

ಬುರಾನಸಾಬ ಇನ್ನೂ ವಾದಕ್ಕಿಳಿದರು. ಸಾವಂತ್ರೆವ್ವ ಒಂದೇ ಮಾತು ಹೇಳಿದಳು.

"ಗಿರಾಕಿಗೆ ಹಾಕಾಕ ನಾಚತೀರಿ. ಮಗಗ ಹಾಕಾಕ ನಾಚಂಗಿಲ್ಲೇನ್ರಿ ಸಾಬರ?"

ಅಜೀಜಾಬಿ ಗೋಡೆಗೆ ಒರಗಿ, "ಹಂಗಾರ ವಾಸೀಮಗ ನಾನಽ ಬಡಿಸಿದೆನೇನ್ರಿ ಸಾವು?" ಅಂದಳು.

ಸಾವಂತ್ರೆವ್ವ ಸುಳ್ಳು ಹೇಳಲಿಲ್ಲ. ಅವನಿಗೆ ಬೀಡಿಯೂ ಇತ್ತು, ನಿದ್ದೆಗೆಟ್ಟ ದುಡಿಮೆಯೂ ಇತ್ತು, ಇದೂ ಇತ್ತು, ಯಾವುದು ಎಷ್ಟು ಎಂದು ಯಾರೂ ಹೇಳಲಾರರು ಎಂದಳು.

ಅವಳೇ ಕಳಿಸಿಕೊಟ್ಟ ಬೆಳಗಾವಿಯ ಡಾಕ್ಟರು ಉಮೇರನ ಹೃದಯದ ಎರಡು ನಾಳ ಕಟ್ಟಿವೆ ಎಂದರು. ಚರಬಿ ಬಿಟ್ಟರೂ ಆದದ್ದು ಪೂರಾ ಹೋಗುವುದಿಲ್ಲ. ಮೂವತ್ತೊಂದರ ಗಂಡಸು ನೀರಿನ ಕೊಡ ಎತ್ತಲಾರದವನಾದ. ಅಜೀಜಾಬಿ ಹಿತ್ತಲಲ್ಲಿ ಕುಣಿ ತೋಡಿ ಡಬ್ಬಿಯನ್ನು ಹೂತಳು. ವಾಸೀಮನ ತಾಟು ಮಾತ್ರ ಇನ್ನೂ ತೊಳೆದು ಇಡುತ್ತಾಳೆ.

ಓದಿದಿರಲ್ಲ, ಏಳಿರಿ. ನಿಮ್ಮ ಒಲೆಯ ಪಕ್ಕದ ಡಬ್ಬಿಯನ್ನು ಮೂಸಿ ನೋಡಿರಿ. ಕಪ್ಪಾಗಿದ್ದರೆ, ಕಮಟು ಬಂದಿದ್ದರೆ ಚೆಲ್ಲಿರಿ. ಎಣ್ಣೆಯಾದರೂ ಅಷ್ಟೇ. ಎದೆ ಹಿಂಡಿದರೆ ಸೋಡಾ ಕುಡಿದು ಕೂಡ್ರಬೇಡಿರಿ, ಅವತ್ತೇ ದವಾಖಾನೆಗೆ ಹೋಗಿರಿ. ಹೊರಗಿನವರಿಗೆ ಬಡಿಸಲು ನಾಚುವುದನ್ನು ಮನೆಯ ಮಕ್ಕಳ ತಾಟಿಗೆ ಹಾಕಬೇಡಿರಿ.